ಕನ್ನಡಿಯೊಳಗಿನ ಗಂಟು



ನಿಮ್ಮಲ್ಲಿ ಅನೇಕರು ನನ್ನನ್ನು ನಂಬಿ ನಿಮ್ಮ ಮನೆಯ ಹಳೆಯ ಫೋಟೋಗಳನ್ನು ನನ್ನ ಕೈಗೆ ಕೊಟ್ಟವರು. ಆ ಫೋಟೋಗಳಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ನಿಮಗೆ ಹೇಳುವುದು ಬಾಕಿ ಉಳಿದಿತ್ತು. ನಾಚಿಕೆಯಿಂದಾಗಿ ಇಷ್ಟು ದಿನ ಮುಂದೂಡುತ್ತ ಬಂದೆ. ತಪ್ಪು ಮಾಡಿದವನು ತಾನೇ ಎದ್ದು ನಿಂತು ಒಪ್ಪಿಕೊಳ್ಳಬೇಕೆಂದು ಮೂವತ್ತಕ್ಕೂ ಹೆಚ್ಚು ವರ್ಷ ನಿಮಗೆ ಪಾಠ ಹೇಳಿದವನು ನಾನು. ಈಗ ನಾನೇ ಎದ್ದು ನಿಲ್ಲುವ ಸರದಿ ಬಂದಿದೆ.

2012ರಲ್ಲಿ ಸೇವೆಯಿಂದ ನಿವೃತ್ತನಾದ ಮೇಲೆ ಹೊತ್ತು ಕಳೆಯಲೆಂದು ಒಂದು ಸ್ಕ್ಯಾನರ್ ಕೊಂಡುಕೊಂಡೆ. ಮೊದಲು ಎಸ್ಸೆಸ್ಸೆಲ್ಸಿ ತಂಡಗಳ ಬೀಳ್ಕೊಡುಗೆಯ ಗುಂಪು ಫೋಟೋಗಳನ್ನು ಸ್ಕ್ಯಾನ್ ಮಾಡಿದೆ. ಸುದ್ದಿ ಹರಡಿತು. ರಾಯಬಾಗದ ಸುತ್ತಲಿನ ಹಳ್ಳಿಗಳಿಂದ, ಕುಡಚಿಯ ಕಡೆಯಿಂದ, ಹೊಳೆಸಾಲಿನ ಊರುಗಳಿಂದ ನೀವು ಒಬ್ಬೊಬ್ಬರೇ ಬಂದಿರಿ. ಮದುವೆಯ ಫೋಟೋ, ಗ್ಯಾದರಿಂಗಿನ ನಾಟಕದ ಫೋಟೋ, ಚಿಂಚಲಿಯ ಮಾಯಕ್ಕನ ಜಾತ್ರೆಯಲ್ಲಿ ಪರದೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ, ಹೀಗೆ ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ತಂದಿರಿ. ಸ್ಕ್ಯಾನ್ ಮಾಡಿ ಮೂಲವನ್ನು ನಿಮಗೇ ಮರಳಿಸಿ ನಕಲನ್ನು ನನ್ನಲ್ಲಿ ಇಟ್ಟುಕೊಂಡೆ.

2016ರಲ್ಲಿ ಬೆಂಗಳೂರಿನಲ್ಲಿರುವ ಮಗ ದೀಪಾವಳಿಗೆ ಬಂದಾಗ ಒಂದು ಸಣ್ಣ ಕಪ್ಪು ಪೆಟ್ಟಿಗೆಯನ್ನು ತಂದುಕೊಟ್ಟ. ಅದಕ್ಕೆ ನ್ಯಾಸ್ ಎನ್ನುತ್ತಾರೆ. ಮನೆಯ ವೈಫೈಗೆ ಜೋಡಿಸಿಟ್ಟರೆ ಯಾವ ಕಂಪ್ಯೂಟರಿನಿಂದಲಾದರೂ, ಮೊಬೈಲಿನಿಂದಲಾದರೂ ಅದರೊಳಗಿನ ಫೋಟೋಗಳನ್ನು ನೋಡಬಹುದು. ಮನೆಮಂದಿಗೆಲ್ಲ ಒಂದೇ ಕಪಾಟು ಇದ್ದ ಹಾಗೆ. ಒಳಗೆ ಎರಡು ಟೆರಾಬೈಟಿನ ಎರಡು ಹಾರ್ಡ್ ಡಿಸ್ಕ್‌ಗಳು. “ಅಪ್ಪಾ, ಒಂದರಾಗ ಬರೆದದ್ದು ಇನ್ನೊಂದರಾಗೂ ತಾನ ಬರೀತದ. ಒಂದು ಕೆಟ್ಟರೂ ಇನ್ನೊಂದು ಇರತೈತಿ. ಚಿಂತಿ ಮಾಡಬ್ಯಾಡ್ರಿ” ಎಂದ. ನಾನು ಚಿಂತೆ ಮಾಡಲಿಲ್ಲ. ಮಾಡದೆ ಇದ್ದದ್ದೇ ತಪ್ಪಾಯಿತು.

2019ರ ಆಗಸ್ಟ್ ತಿಂಗಳನ್ನು ನಮ್ಮ ಭಾಗದವರು ಮರೆಯುವಂತಿಲ್ಲ. ಘಟ್ಟದಲ್ಲಿ ಎಡೆಬಿಡದೆ ಮಳೆ ಸುರಿದು ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹೊಳೆಸಾಲಿನ ಊರುಗಳನ್ನು ನುಂಗಿದಳು. ದನಕರುಗಳನ್ನು ಹೊಡೆದುಕೊಂಡು, ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಜನ ಹೊರಟರು. ಅಂಥ ಹೊತ್ತಿನಲ್ಲಿ ಟ್ರಂಕಿನ ತಳದಲ್ಲಿದ್ದ ಫೋಟೋಗಳನ್ನು ಯಾರು ನೆನೆದಾರು? ನೀರು ಇಳಿದ ಮೇಲೆ ನೋಡಿದರೆ ಫೋಟೋಗಳು ಒಂದಕ್ಕೊಂದು ಅಂಟಿ ಕೆಸರಿನ ಮುದ್ದೆಯಾಗಿದ್ದವು. ಆ ದಿನಗಳಲ್ಲಿ ಕೆಲವರು ನನಗೆ ಫೋನ್ ಮಾಡಿ, “ಸರ, ನಿಮ್ಮ ಕಡೆ ಕೊಟ್ಟಿದ್ದು ಚಲೋ ಆತ್ರಿ” ಎಂದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆ ದಿನದಿಂದ ನನ್ನ ಬಳಿಯಿದ್ದ ನಕಲುಗಳೇ ಮೂಲಗಳಾದವೆಂಬುದನ್ನು, ನನ್ನ ಹೊಣೆ ಇಮ್ಮಡಿಯಾಯಿತೆಂಬುದನ್ನು ನಾನು ಯೋಚಿಸಲಿಲ್ಲ.

2023ರ ಮೇ ತಿಂಗಳ ಒಂದು ಮಂಗಳವಾರ ಹೊಳೆಸಾಲಿನ ಊರಿನ ಹಳೆಯ ವಿದ್ಯಾರ್ಥಿಯೊಬ್ಬನ ಫೋನ್ ಬಂದಿತು. ಅವನ ತಾಯಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

“ಸರ, ಅವ್ವಂದು ಒಂದು ಫೋಟೋ ನಿಮ್ಮ ಕಡೆ ಕೊಟ್ಟಿದ್ದೆ, ನೆನಪೈತೇನ್ರಿ? ಗ್ಯಾದರಿಂಗಿನಾಗ ನನಗ ಬಹುಮಾನ ಬಂದಾಗ ಮುಂದ ಕುಂತಿದ್ಲಲ್ರಿ, ಅದು. ಮನ್ಯಾಗಿನ್ವು ಎಲ್ಲಾ ಹೊಳಿ ಪಾಲಾದುವು. ಬರೂ ಸೋಮವಾರ ವರ್ಷದ ಕಾರ್ಯ ಐತಿ. ಅದನ್ನ ದೊಡ್ಡದು ಮಾಡಿಸಿ ಕಟ್ಟು ಹಾಕಿಸಬೇಕಂತೀನಿ.”

“ಐತೋ ತಮ್ಮಾ, ಎಲ್ಲಿ ಹೊಕ್ಕೈತಿ? ಸಂಜೀಕ ಕಳಸ್ತೀನಿ” ಎಂದು ಧಾರಾಳವಾಗಿ ಹೇಳಿದೆ.

ಕಂಪ್ಯೂಟರಿನ ಮುಂದೆ ಕುಳಿತೆ. ಪೆಟ್ಟಿಗೆ ತೆರೆಯಲಿಲ್ಲ. ಸ್ವಿಚ್ ಆರಿಸಿ ಮತ್ತೆ ಹಾಕಿದೆ. ತೆರೆಯಲಿಲ್ಲ. ಒಳಗಿನಿಂದ ಏನೋ ಕೆರೆದಂಥ ಸದ್ದು ಬರುತ್ತಿತ್ತು.

ಈಗ ನನ್ನ ನಿಜವಾದ ತಪ್ಪಿಗೆ ಬರುತ್ತೇನೆ. ಅದೇ ಫೆಬ್ರವರಿಯಲ್ಲಿ ಒಂದು ರಾತ್ರಿ ಪೆಟ್ಟಿಗೆ ಪೀ ಪೀ ಎಂದು ಕೂಗತೊಡಗಿತ್ತು. ಯಾವುದೋ ಗುಂಡಿ ಒತ್ತಿದೆ, ಸುಮ್ಮನಾಯಿತು. ಹಸಿರು ದೀಪದ ಜಾಗದಲ್ಲಿ ಕೇಸರಿ ಬಣ್ಣದ ದೀಪ ಮಿನುಗಲಾರಂಭಿಸಿತ್ತು. ಪೆಟ್ಟಿಗೆ ಮಲಗುವ ಕೋಣೆಯಲ್ಲಿತ್ತಾದ್ದರಿಂದ ಆ ಮಿನುಗು ನಿದ್ದೆಗೆ ಅಡ್ಡಿಯಾಗುತ್ತಿತ್ತು. ಮರುದಿನ ಕರೆಂಟಿನ ವೈರಿಗೆ ಸುತ್ತುವ ಕಪ್ಪು ಟೇಪಿನ ಒಂದು ತುಂಡನ್ನು ಕತ್ತರಿಸಿ ದೀಪದ ಮೇಲೆ ಅಂಟಿಸಿಬಿಟ್ಟೆ. ಫೋಟೋಗಳು ಎಂದಿನಂತೆ ತೆರೆದುಕೊಳ್ಳುತ್ತಿದ್ದವು. ಮಗನಿಗೂ ಹೇಳಲಿಲ್ಲ. ಪೆಟ್ಟಿಗೆಯ ಎರಡು ಡಿಸ್ಕ್‌ಗಳಲ್ಲಿ ಒಂದು ಅಂದೇ ಕೈಬಿಟ್ಟಿತ್ತು. ಪೆಟ್ಟಿಗೆ ಅದನ್ನು ನನಗೆ ಕೂಗಿ ಹೇಳಿತ್ತು. ನಾನು ಅದರ ಬಾಯಿ ಮುಚ್ಚಿಸಿ ಕಣ್ಣಿಗೆ ಪಟ್ಟಿ ಕಟ್ಟಿದೆ. ಮುಂದಿನ ಮೂರು ತಿಂಗಳು ಎಲ್ಲವೂ ಒಂದೇ ಡಿಸ್ಕಿನ ಮೇಲೆ ನಿಂತಿತ್ತು. ಈಗ ಅದೂ ಸೋತಿತ್ತು.

ಪರದೆಯ ಮೇಲೆ ಒಂದು ಸೂಚನೆ ಬಂದಿತು: ಡಿಸ್ಕ್‌ಗಳನ್ನು ಹೊಸದಾಗಿ ಸಿದ್ಧಗೊಳಿಸಲೇ ಎಂದು ಪೆಟ್ಟಿಗೆ ಕೇಳುತ್ತಿತ್ತು. ಸಿದ್ಧಗೊಳಿಸುವುದೆಂದರೆ ದುರಸ್ತಿ ಮಾಡುವುದು ಎಂದೇ ನಾನು ತಿಳಿದೆ. ಬೆರಳು ಗುಂಡಿಯ ಮೇಲಿತ್ತು. ಅಷ್ಟರಲ್ಲಿ, ಬೆಳಗಾವಿಯಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸ ಮಾಡಿಕೊಂಡಿರುವ 1996ರ ತಂಡದ ಹುಡುಗನೊಬ್ಬ ನೆನಪಾದ. ಒಮ್ಮೆ ಕೇಳಿಬಿಡೋಣವೆಂದು ಫೋನ್ ಮಾಡಿದೆ.

“ಸರ, ಮೊದಲ ಕೈ ತಗೀರಿ! ಏನೂ ಒತ್ತಬ್ಯಾಡ್ರಿ. ಅದು ಹೊಸಾದು ಮಾಡೂದಲ್ಲ, ಪಾಟಿ ಒರಸೂದು. ಪೆಟಗಿ ಬಂದ್ ಮಾಡಿ ವೈರ್ ತಗದು ಇಡ್ರಿ. ನಾ ಬರೂತನಕ ಮುಟ್ಟಬ್ಯಾಡ್ರಿ” ಎಂದ. ಮಗ್ಗಿ ಬಾರದ್ದಕ್ಕೆ ಒಮ್ಮೆ ನಾನೇ ಬೆಂಚಿನ ಮೇಲೆ ನಿಲ್ಲಿಸಿದ್ದ ಹುಡುಗ ಅವನು. ಅವನು ಹೇಳಿದಂತೆ ಕೈಕಟ್ಟಿ ಕುಳಿತೆ. ಅಂದು ಸಂಜೆ ಹೊಳೆಸಾಲಿನ ಹುಡುಗನ ಫೋನ್ ಮತ್ತೆ ಬಂದಾಗ, “ಕರೆಂಟ್ ಇಲ್ಲೋ ತಮ್ಮಾ, ನಾಳೆ ನೋಡೂಣು” ಎಂದೆ. ಮನೆಯಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ನಮ್ಮ ಮನೆಯವರು ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು.

ಮರುದಿನ ಬೆಳಗಾವಿಯ ಹುಡುಗ ಮಿರಜ್ ಕಡೆಯ ರೈಲು ಹಿಡಿದು ರಾಯಬಾಗ ಸ್ಟೇಷನ್ನಿನಲ್ಲಿ ಇಳಿದು ಬಂದ. ಚೀಲದಲ್ಲಿ ಎಂಟು ಟೆರಾಬೈಟಿನ ಹೊಸ ಡಿಸ್ಕ್ ಒಂದಿತ್ತು. ಮೊದಲು ಎರಡೂ ಡಿಸ್ಕ್‌ಗಳನ್ನು ಹೊರತೆಗೆದು, ಯಾವುದು ಯಾವ ಗೂಡಿನಲ್ಲಿತ್ತೆಂದು ಅವುಗಳ ಮೇಲೆ ಚೀಟಿ ಬರೆದು ಅಂಟಿಸಿದ. ಟೇಪಿನ ತುಂಡನ್ನು ನೋಡಿದ, ಏನೂ ಅನ್ನಲಿಲ್ಲ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ದಿನಗಳಲ್ಲಿ ಅವನಿಂದ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಹಾರ್ಡ್ ಡಿಸ್ಕ್ ಎಂಬುದು ಗಿರಗಿರನೆ ತಿರುಗುವ ತಟ್ಟೆ. ಅದರ ಮೇಲೆ ಓದುವ ಬರೆಯುವ ಪುಟ್ಟ ತಲೆಯೊಂದು ತೇಲುತ್ತಿರುತ್ತದೆ. ಎರಡರ ನಡುವಿನ ಅಂತರ ನಮ್ಮ ಒಂದು ಕೂದಲಿನ ದಪ್ಪದ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊತ್ತಮೊದಲ ಡಿಸ್ಕ್ ಯಂತ್ರದಲ್ಲಿ ಎರಡು ಅಡಿ ಅಗಲದ ಐವತ್ತು ತಟ್ಟೆಗಳಿದ್ದವು. ಅಷ್ಟರಲ್ಲಿ ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು ಮಾತ್ರ. ಇಂದಿನ ಮೊಬೈಲಿನ ಒಂದು ಫೋಟೋಗೂ ಅದು ಸಾಲದೆ ಹೋಗಬಹುದು. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಒಂದು ಲೇಖನ ಪ್ರಕಟಿಸಿದರು. ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕ್‌ಗಳನ್ನು ಗುಂಪುಗೂಡಿಸಿ, ಒಂದು ಸತ್ತರೂ ಉಳಿದವು ಕೆಲಸ ನಡೆಸುವಂತೆ ಮಾಡುವುದು ಅವರ ವಿಚಾರ. ಅದಕ್ಕೆ ಅವರಿಟ್ಟ ಹೆಸರು ರೇಡ್. ನನ್ನ ಪೆಟ್ಟಿಗೆಯಲ್ಲಿದ್ದುದು ಅದರ ಅತ್ಯಂತ ಸರಳ ರೂಪ. ಒಂದು ಡಿಸ್ಕ್ ಇನ್ನೊಂದರ ಕನ್ನಡಿ.

“ಕನ್ನಡಿ ಅಂದ್ರ ಪ್ರತಿ ಅಲ್ಲರೀ ಸರ” ಎಂದ ಹುಡುಗ. “ನೀವು ಹಣೀ ಮ್ಯಾಲಿನ ಗಂಧ ಒರಸಿಕೊಂಡ್ರ ಕನ್ನಡ್ಯಾಗೂ ಹೋಗತೈತಿ. ತಪ್ಪಿ ಒಂದು ಫೋಟೋ ಅಳಿಸಿದ್ರ ಎರಡೂ ಕಡೆ ಆ ಕ್ಷಣಕ್ಕ ಅಳೀತದ. ಸಿಡಿಲು ಬಡದ್ರ ಎರಡೂ ಸುಡತಾವ. ಕಳ್ಳ ಬಂದ್ರ ಒಂದ ಪೆಟಗಿ ಒಯ್ದ್ರ ಸಾಕು. ಒಂದು ಡಿಸ್ಕ್ ಕೆಟ್ಟ ದಿವಸ ಕೆಲಸ ನಿಲ್ಲಬಾರದು ಅಂತ ಮಾಡಿದ್ದು ಅದು. ಅವತ್ತ ಹೊಸಾ ಡಿಸ್ಕ್ ಹಾಕಿಬಿಡಬೇಕು.” ಕನ್ನಡ ಮಾಸ್ತರನಾಗಿ ಎಷ್ಟು ಸಲ ಆ ನುಡಿಗಟ್ಟನ್ನು ಕರಿಹಲಗೆಯ ಮೇಲೆ ಬರೆದಿದ್ದೆನೋ! ಏಳು ವರ್ಷ ನಾನು ಕಾವಲು ಕಾದದ್ದು ಕನ್ನಡಿಯೊಳಗಿನ ಗಂಟನ್ನೇ.

ಇನ್ನು ಮರಳಿ ಪಡೆದ ಬಗೆ. ಇಂಥ ಪೆಟ್ಟಿಗೆಗಳು ಬಹುಪಾಲು ಒಳಗೊಳಗೆ ಲಿನಕ್ಸ್ ವ್ಯವಸ್ಥೆಯನ್ನೇ ಬಳಸುತ್ತವೆ. ಹಾಗಾಗಿ ಪೆಟ್ಟಿಗೆ ಸತ್ತರೂ ಅದರ ಡಿಸ್ಕನ್ನು ಲಿನಕ್ಸ್ ಇರುವ ಕಂಪ್ಯೂಟರಿಗೆ ಜೋಡಿಸಿ ಓದಲು ಅವಕಾಶವಿದೆ. ಆದರೆ ನೇರವಾಗಿ ಫೋಟೋಗಳನ್ನು ಎಳೆದುಕೊಳ್ಳಲು ಅವನು ಹೋಗಲಿಲ್ಲ. ಸಾಯುತ್ತಿರುವ ಡಿಸ್ಕಿನಿಂದ ಒಂದೊಂದೇ ಫೋಟೋ ಹುಡುಕಿ ತೆಗೆಯುವುದೆಂದರೆ ಏದುಸಿರು ಬಿಡುವ ಮುದುಕನನ್ನು ಹತ್ತು ಸಲ ಅಟ್ಟ ಹತ್ತಿಸಿ ಇಳಿಸಿದ ಹಾಗೆ. ಆದ್ದರಿಂದ ಮೊದಲು ಇಡೀ ಡಿಸ್ಕಿನ ಪಡಿಯಚ್ಚನ್ನು ಹೊಸ ಡಿಸ್ಕಿಗೆ ಇಳಿಸಬೇಕು. ಅದಕ್ಕೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದರ ಜಾಣತನ ನನಗೆ ಬಹಳ ಹಿಡಿಸಿತು. ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಬರುವುದನ್ನೆಲ್ಲ ಓದಿಕೊಳ್ಳುತ್ತದೆ. ತೊಡಕಿನ ಜಾಗ ಬಂದರೆ ಅಲ್ಲಿ ನಿಂತು ಗುದ್ದಾಡದೆ ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಬಿಟ್ಟ ಜಾಗಗಳಿಗೆ ಮರಳಿ ಬಂದು ಮತ್ತೆ ಪ್ರಯತ್ನಿಸುತ್ತದೆ. ಪರೀಕ್ಷೆಯ ಕೋಣೆಯಲ್ಲಿ ನಿಮಗೆ ನಾನು ಹೇಳುತ್ತಿದ್ದುದೂ ಇದನ್ನೇ: ಬರುವ ಪ್ರಶ್ನೆಗಳನ್ನು ಮೊದಲು ಬರೆಯಿರಿ, ಬಾರದ್ದಕ್ಕೆ ಆಮೇಲೆ ಬನ್ನಿ.

ಎರಡು ಟೆರಾಬೈಟ್ ಎಂದರೆ ಸೆಕೆಂಡಿಗೆ ನೂರು ಮೆಗಾಬೈಟ್ ವೇಗದಲ್ಲಿ ಓದಿದರೂ ಐದೂವರೆ ಗಂಟೆ ಬೇಕು. ಕೆಟ್ಟ ಡಿಸ್ಕಿಗೆ ಅಂಥ ವೇಗವೆಲ್ಲಿ? ಬುಧವಾರ ಮಧ್ಯಾಹ್ನ ಆರಂಭವಾದದ್ದು ಗುರುವಾರ ರಾತ್ರಿಯಾದರೂ ಮುಗಿಯಲಿಲ್ಲ. ನಡುವೆ ಕರೆಂಟ್ ಹೋಗಬಾರದೆಂದು ಇನ್ವರ್ಟರಿಗೆ ಜೋಡಿಸಿ, ನಾವು ಗಂಡ ಹೆಂಡಿರು ಫ್ಯಾನನ್ನೂ ಹಾಕದೆ ಮೇ ತಿಂಗಳ ಧಗೆಯಲ್ಲಿ ಕುಳಿತೆವು. ನಡುರಾತ್ರಿ ಎದ್ದು ಎದ್ದು ಪರದೆಯನ್ನು ನೋಡುತ್ತಿದ್ದೆ. ಓದಲಾಗದ ಜಾಗಗಳ ಎಣಿಕೆ ಅಲ್ಲಿ ಕಾಣುತ್ತಿತ್ತು. ಆ ಎಣಿಕೆಯೊಳಗೆ ಯಾರ ಮುಖವಿದೆಯೋ ಎಂಬುದೊಂದೇ ಯೋಚನೆ.

ಶುಕ್ರವಾರ ಬೆಳಿಗ್ಗೆ ಸುಳ್ಳನ್ನು ಹೊತ್ತುಕೊಂಡಿರಲಾರದೆ ನಾನೇ ಹೊಳೆಸಾಲಿನ ಹುಡುಗನಿಗೆ ಫೋನ್ ಮಾಡಿದೆ. ಕರೆಂಟಿನ ಮಾತು ಸುಳ್ಳೆಂದೂ, ಪೆಟ್ಟಿಗೆ ಕೆಟ್ಟಿದೆಯೆಂದೂ, ಅವನ ತಾಯಿಯ ಫೋಟೋ ಸಿಗುವ ಭರವಸೆ ಇಲ್ಲವೆಂದೂ, ತಪ್ಪು ನನ್ನದೇ ಎಂದೂ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, “ಇರಲಿ ಬಿಡ್ರಿ ಸರ. ಹೊಳಿಗೂ ನಾವು ಏನೂ ಅನ್ನಲಿಲ್ಲ” ಎಂದ. ಸಮಾಧಾನಕ್ಕೆ ಹೇಳಿದನೋ, ನೋವಿನಿಂದ ಹೇಳಿದನೋ ನನಗೆ ಇಂದಿಗೂ ತಿಳಿಯದು. ಹೊಳೆಯ ಸಾಲಿನಲ್ಲಿ ನನ್ನನ್ನು ನಿಲ್ಲಿಸಿದ ಆ ಮಾತು ಮಾತ್ರ ಮರೆಯಲಾಗಿಲ್ಲ.

ಅಂದು ಎರಡನೆಯ ಡಿಸ್ಕಿನ ಕೆಲಸ. ಫೆಬ್ರವರಿಯಲ್ಲಿಯೇ ಪೆಟ್ಟಿಗೆಯಿಂದ ಹೊರಹಾಕಲ್ಪಟ್ಟಿದ್ದ ಡಿಸ್ಕ್ ಅದು. ಸತ್ತದ್ದನ್ನು ಏಕೆ ಕೆದಕುತ್ತೀಯೆಂದೆ. ಅದು ಪೂರ್ತಿ ಸತ್ತಿಲ್ಲ, ಕೆಲವು ಕಡೆ ಮಾತ್ರ ಓದಲು ಬರುತ್ತಿಲ್ಲ, ಇದು ಓದದ ಜಾಗವೂ ಅದು ಓದದ ಜಾಗವೂ ಒಂದೇ ಆಗಿರಬೇಕಿಲ್ಲ ಎಂದ. ಆದರೆ ಎರಡನ್ನೂ ಹಾಗೆಯೇ ಒಟ್ಟಿಗೆ ಸೇರಿಸುವಂತಿಲ್ಲ. ಹಳೆಯ ಲೆಕ್ಕ ಹೊಸ ಲೆಕ್ಕದೊಡನೆ ಬೆರೆತು ಇರುವುದೂ ಕೆಟ್ಟೀತು. ಪ್ರತಿಯೊಂದು ಡಿಸ್ಕೂ ತನ್ನಲ್ಲಿ ಒಂದು ಎಣಿಕೆಯನ್ನೂ ಕೊನೆಯ ಬಾರಿ ಬರೆದ ದಿನಾಂಕವನ್ನೂ ಇಟ್ಟುಕೊಂಡಿರುತ್ತದೆ, ನಮ್ಮ ಹಾಜರಿ ಪುಸ್ತಕದಂತೆ. ಅದನ್ನು ನೋಡಿ ಯಾವುದು ಹೊಸದು, ಯಾವುದು ಹಳೆಯದು ಎಂದು ತಿಳಿದು, ಎರಡರ ಪಡಿಯಚ್ಚುಗಳನ್ನೂ ಬೇರೆಬೇರೆಯಾಗಿ, ಓದಲು ಮಾತ್ರ ಬರುವಂತೆ ತೆರೆದ.

ಶನಿವಾರ ನಸುಕಿನಲ್ಲಿ ಫೋಟೋಗಳು ಕಾಣಿಸಿಕೊಂಡವು. ಹೊಸ ಡಿಸ್ಕಿನ ಪಡಿಯಚ್ಚಿನಲ್ಲಿ ಹುಡುಕಿದಾಗ ಆ ತಾಯಿಯ ಫೋಟೋ ಸಿಕ್ಕಿತು. ಆದರೆ ಮೇಲಿನ ಪಟ್ಟಿಯಷ್ಟೇ ಉಳಿದಿತ್ತು: ಪೆಂಡಾಲಿನ ಬಣ್ಣದ ಬಟ್ಟೆ, ಸೆರಗು ಹೊದ್ದ ತಲೆ, ಹಣೆಯ ಕುಂಕುಮ. ಅಲ್ಲಿಂದ ಕೆಳಗೆ ಬರಿಯ ಬೂದು ಬಣ್ಣ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. “ತಡೀರಿ ಸರ” ಎಂದು ಹುಡುಗ ಹಳೆಯ ಡಿಸ್ಕಿನ ಪಡಿಯಚ್ಚನ್ನು ತೆರೆದ. ಅಲ್ಲಿ ಆ ತಾಯಿ ಪೂರ್ತಿಯಾಗಿ ಕುಳಿತಿದ್ದಳು. ಮಡಿಲಲ್ಲಿ ಸಣ್ಣ ಮಗು, ಪಕ್ಕದಲ್ಲಿ ಬುತ್ತಿಯ ಗಂಟು. ಮಗನ ಹೆಸರು ಕೂಗಿದಾಗ ತೆಗೆದ ಫೋಟೋ ಇರಬೇಕು; ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕೆಲಸಕ್ಕೆ ಬಾರದೆಂದು ಹೊರಹಾಕಿದ್ದೇ ಕೊನೆಗೆ ಕಾಪಾಡಿತು. ಸೋಮವಾರ ಅವರ ಮನೆಯ ಕಾರ್ಯಕ್ಕೆ ನಾವಿಬ್ಬರೂ ಹೋಗಿ ಕಟ್ಟು ಹಾಕಿಸಿದ ಫೋಟೋಗೆ ಹೂವೇರಿಸಿ ಬಂದೆವು.

ಎಲ್ಲವೂ ಸಿಕ್ಕಿತೆಂದು ಹೇಳಿದರೆ ಮತ್ತೊಂದು ಸುಳ್ಳಾದೀತು. ನನಗೆ ಕೆಲಸ ಕಲಿಸಿದ ಹಿರಿಯ ಮುಖ್ಯೋಪಾಧ್ಯಾಯರೊಬ್ಬರನ್ನು ಅದೇ ಮಾರ್ಚ್ ತಿಂಗಳಲ್ಲಿ ಮಾತಾಡಿಸಿ, ಒಂದು ಗಂಟೆಯಷ್ಟು ಅವರ ಧ್ವನಿಯನ್ನು ಮುದ್ರಿಸಿ ಪೆಟ್ಟಿಗೆಗೆ ಹಾಕಿ ಮೊಬೈಲಿನಿಂದ ಅಳಿಸಿದ್ದೆ. ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಆ ಮುದ್ರಿಕೆಯಲ್ಲಿ ಮೊದಲ ಇಪ್ಪತ್ತು ನಿಮಿಷ ಮಾತ್ರ ಉಳಿದಿದೆ. ಊರೂರು ಅಲೆದು ಮಕ್ಕಳನ್ನು ಶಾಲೆಗೆ ಕರೆತಂದ ಕಥೆಯನ್ನು ಆರಂಭಿಸುವಷ್ಟರಲ್ಲಿ ಮಾತು ನಿಲ್ಲುತ್ತದೆ. ಹಳೆಯ ಡಿಸ್ಕಿನಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಅದು ಕೈಬಿಟ್ಟದ್ದು ಫೆಬ್ರವರಿಯಲ್ಲಿ. ಆ ನಲವತ್ತು ನಿಮಿಷಗಳ ಮೌನ ನಾನು ಅಂಟಿಸಿದ ಟೇಪಿನ ಬೆಲೆ. ನಿಮ್ಮ ಫೋಟೋಗಳಲ್ಲಿಯೂ ಹನ್ನೊಂದು ಸಂಪೂರ್ಣ ಹಾಳಾಗಿವೆ. ಆ ಹನ್ನೊಂದು ಮನೆಗಳಿಗೂ ಸ್ವತಃ ಹೋಗಿ ಕ್ಷಮೆ ಕೇಳಿ ಬಂದಿದ್ದೇನೆ.

ಈ ಎಲ್ಲದರ ನಡುವೆ ನನಗೆ ಮತ್ತೆ ಮತ್ತೆ ನೆನಪಾದವಳು ಅತ್ತಿಮಬ್ಬೆ. ನಮ್ಮ ನೆರೆಯ ಮುಧೋಳದ ರನ್ನನಿಗೆ ಆಶ್ರಯ ಕೊಟ್ಟು 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದ ದಾನಚಿಂತಾಮಣಿ ಅವಳು. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿದಳೆಂದು ನಿಮಗೆ ಪಾಠ ಮಾಡಿದ್ದೆ. ಇಸವಿ ಸಮೇತ ಬಾಯಿಪಾಠ ಮಾಡಿಸಿದ್ದೆ. ಆದರೆ ಸಾವಿರ ಪ್ರತಿ ಏಕೆ ಎಂದು ನೀವೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ತಾಳೆಗರಿಗೆ ಹುಳು ಹಿಡಿಯುತ್ತದೆ, ತೇವ ತಗಲುತ್ತದೆ, ಬೆಂಕಿ ಬೀಳುತ್ತದೆ. ಒಂದು ಗ್ರಂಥವನ್ನು ಎಷ್ಟೇ ಗಟ್ಟಿಯಾದ ಪೆಟ್ಟಿಗೆಯಲ್ಲಿಟ್ಟರೂ ಪೆಟ್ಟಿಗೆಗೂ ಒಂದು ದಿನ ಕೊನೆಯಿದೆ. ಅವಳು ಸಾವಿರ ಪ್ರತಿಗಳನ್ನು ಮಾಡಿಸಿದ್ದು ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳಲಿಕ್ಕಲ್ಲ, ದಾನ ಮಾಡಲಿಕ್ಕೆ. ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರವನ್ನೂ ದಾನವೆಂದು ಎಣಿಸಿದ ಜೈನ ಪರಂಪರೆಗೆ ಗೊತ್ತಿದ್ದ ಗುಟ್ಟು ಇದು. ನಾನು ಮಾಡಿದ್ದು ಇದಕ್ಕೆ ತದ್ವಿರುದ್ಧ. ಊರವರ ಫೋಟೋಗಳನ್ನೆಲ್ಲ ತಂದು ಒಂದೇ ಪೆಟ್ಟಿಗೆಯಲ್ಲಿ ತುಂಬಿ, ಕಾಪಾಡುತ್ತಿದ್ದೇನೆಂದು ಬೀಗಿದೆ.

ಈಗಿನ ವ್ಯವಸ್ಥೆ ಹೀಗಿದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿಯಾದರೂ ಬೇರೆ ಊರಿನಲ್ಲಿ ಎಂಬುದು ತಿಳಿದವರ ಸೂತ್ರ. ಹೊಸ ಡಿಸ್ಕ್‌ಗಳೊಡನೆ ಪೆಟ್ಟಿಗೆ ಮತ್ತೆ ನಡೆಯುತ್ತಿದೆ. ವಾರಕ್ಕೊಮ್ಮೆ ಬೇರೊಂದು ಡಿಸ್ಕಿಗೆ ನಕಲು ಮಾಡಿ, ನಕಲಾದ ಮೇಲೆ ವೈರ್ ಕಳಚಿ ಕಪಾಟಿನಲ್ಲಿ ಇಡುತ್ತೇನೆ. ಮೂರನೆಯ ಪ್ರತಿ ಧಾರವಾಡದಲ್ಲಿ ಮಗಳ ಮನೆಯಲ್ಲಿದೆ. ಪ್ರತಿ ವರ್ಷ ಖಂಡೇ ಪೂಜೆಯ ದಿನ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚುವ ಮೊದಲು, ಕಪಾಟಿನ ಪ್ರತಿಯಿಂದ ಹತ್ತು ಫೋಟೋಗಳನ್ನಾದರೂ ತೆರೆದು ನೋಡುತ್ತೇನೆ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬುವಂತಿಲ್ಲ. ದೀಪದ ಮೇಲೆ ಟೇಪು ಇಲ್ಲ. ಪೆಟ್ಟಿಗೆಯನ್ನು ಪಡಸಾಲೆಗೆ ಸಾಗಿಸಿದ್ದೇವೆ. ಅದರ ಕೂಗು ಎಲ್ಲರಿಗೂ ಕೇಳಲಿ ಎಂದು.

ಇದೆಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ನೀವು ಕೊಟ್ಟ ಫೋಟೋಗಳನ್ನು ಮನೆವಾರು ಬೇರ್ಪಡಿಸಿ ಪೆನ್‌ಡ್ರೈವಿಗೆ ಹಾಕಿ ನಿಮಗೇ ಮರಳಿಸುತ್ತಿದ್ದೇನೆ. ಹೊಳೆಸಾಲಿನವರಿಗೆ ಕಾಗದದ ಮೇಲೆ ಮುದ್ರಿಸಿಯೂ ಕೊಡುತ್ತಿದ್ದೇನೆ. ಇನ್ನೂ ಅರವತ್ತರಷ್ಟು ಮನೆಗಳವರು ಬಂದು ಒಯ್ಯುವುದು ಬಾಕಿಯಿದೆ. ರಾಯಬಾಗಕ್ಕೆ ಬಂದಾಗ ದಯವಿಟ್ಟು ಮನೆಗೆ ಬನ್ನಿ. ಒಯ್ದದ್ದನ್ನು ಅಣ್ಣ ತಮ್ಮಂದಿರಿಗೆ, ಗಂಡನ ಮನೆಗೆ ಹೋದ ಅಕ್ಕ ತಂಗಿಯರಿಗೆ ಹಂಚಿರಿ. ನಾಳೆ ನನ್ನ ಪೆಟ್ಟಿಗೆ ಕೆಡಬಹುದು. ನಾನೂ ಇಲ್ಲದೆ ಹೋಗಬಹುದು. ಆಗ ನಿಮ್ಮ ಅವ್ವನ ಮುಖಕ್ಕಾಗಿ ನೀವು ಯಾರಿಗೂ ಫೋನ್ ಮಾಡಿ ಕೇಳುವ ಪ್ರಸಂಗ ಬರಬಾರದು.

ಬರುವಾಗ ಹೊಟ್ಟೆ ಹಸಿದುಕೊಂಡು ಬನ್ನಿ. ರೊಟ್ಟಿ, ಪಲ್ಯ ಸಿದ್ಧವಿರುತ್ತದೆ.